ಕೆಲಸ ಬದಲಾಯಿಸುವ ಮುಂಚೆ ಒಂದು ಫೋನ್ ಮಾಡು, ತಂಗಿ

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಅಮೆರಿಕಕ್ಕೆ ಬಂದು ನಾಲ್ಕೇ ತಿಂಗಳು. ಆರು ವರ್ಷದ ಮಗನಿಗೆ ಕಿಡ್ನಿ ಕಸಿ ಆಗಬೇಕು ಅಂದಿದ್ದಾರೆ. "ಕಾಯಿಲೆ ಊರಲ್ಲೇ ಶುರುವಾಗಿತ್ತು, ಇಲ್ಲಿನ ಇನ್ಶೂರೆನ್ಸ್‌ನವರು ಒಪ್ಪುತ್ತಾರಾ ಅಕ್ಕಾ?" ಅಂತ ಕೇಳಿದ್ದೀಯ.

ಒಪ್ಪಲೇಬೇಕು. ನಿಮ್ಮ ಯಜಮಾನರ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಮಗನ ಹೆಸರಿದ್ದರೆ, ಹಳೇ ಕಾಯಿಲೆ ಅಂತ ಬೇಡ ಅನ್ನುವ ಹಾಗಿಲ್ಲ. 2014ರಿಂದ ಎಲ್ಲ ವಯಸ್ಸಿನವರಿಗೂ ಕಾನೂನೇ ಹಾಗಿದೆ. ಏನನ್ನೂ ಮುಚ್ಚಿಡಬೇಡ. 2009ರಲ್ಲಿ ಬಂದಾಗ ನಾನು ಮಗಳ ರಿಪೋರ್ಟುಗಳನ್ನು ಸೂಟ್‌ಕೇಸಿನ ತಳದಲ್ಲಿ, ಸೀರೆಗಳ ಮಡಿಕೆಯೊಳಗೆ ಇಟ್ಟು ತಂದಿದ್ದೆ. ಯಾರಾದರೂ ನೋಡಿದರೆ ವಾಪಸ್ ಕಳಿಸುತ್ತಾರೆ ಅನ್ನೋ ಭಯ. ಅದೇ ಕಾಗದಗಳನ್ನು ಇಲ್ಲಿನ ಡಾಕ್ಟರು ಮೊದಲು ಕೇಳಿದ್ದು!

ಇಲ್ಲಿನ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ 65 ದಾಟಿದವರಿಗೆ ಮಾತ್ರ ಅಲ್ಲ. ಡಯಾಲಿಸಿಸ್ ಅಥವಾ ಕಸಿ ಬೇಕಾದ ಮಕ್ಕಳಿಗೂ ಇದೆ. ಆದರೆ ಅಪ್ಪ ಅಥವಾ ಅಮ್ಮ ಹಿಂದಿನ ಮೂರು ವರ್ಷಗಳಲ್ಲಿ ಇಲ್ಲಿ ದುಡಿದು ಕನಿಷ್ಠ 6 ಕ್ರೆಡಿಟ್ (ದುಡಿಮೆಗೆ ಸರ್ಕಾರ ಲೆಕ್ಕ ಹಾಕುವ ಅಂಕ) ಗಳಿಸಿರಬೇಕು. ವರ್ಷಕ್ಕೆ ಸಿಗುವುದೇ ಹೆಚ್ಚೆಂದರೆ 4. ಸಾಲದ್ದಕ್ಕೆ 2025ರ ಹೊಸ ಕಾನೂನಿನಿಂದ ಎಚ್-4 ವೀಸಾದ, ಅಂದರೆ ಕೆಲಸದ ವೀಸಾದವರ ಜೊತೆ ಬಂದ, ಮಕ್ಕಳಿಗೆ ಆ ಬಾಗಿಲು ಮುಚ್ಚಿದೆ. ಗ್ರೀನ್ ಕಾರ್ಡ್ ಬರೋವರೆಗೆ ಕಂಪನಿಯ ಇನ್ಶೂರೆನ್ಸೇ ನಿಮಗೆ ಮುಖ್ಯ ಆಸರೆ.

ಅದಕ್ಕೇ, ನಿಮ್ಮ ಯಜಮಾನರು ಕೆಲಸ ಬದಲಾಯಿಸುವುದಾದರೆ, ಮುಂಚೆಯೇ ಹೊಸ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ, ಕಸಿಗೆ ನಿಮ್ಮ ಆಸ್ಪತ್ರೆಯನ್ನು ಒಪ್ಪುತ್ತಾರಾ ಅಂತ ಕೇಳು. 2015ರಲ್ಲಿ ನನ್ನ ಮಗಳಿಗೆ ಎಂಟು ವರ್ಷ. ಮನೆಯಲ್ಲೇ ಡಯಾಲಿಸಿಸ್. ರಾತ್ರಿಯಿಡೀ ಹಾಸಿಗೆ ಪಕ್ಕ ಮೆಷಿನ್ ಓಡುತ್ತಿತ್ತು. ಅವಳು ಮಗ್ಗುಲಾದರೆ ಪೈಪು ಮಡಚಿ ಅಲಾರಂ ಹೊಡೆಯೋದು, ನಾನು ಎದ್ದು ಬಿಡಿಸೋದು. ಕಿಡ್ನಿಗಾಗಿ ಕಾಯುವ ಪಟ್ಟಿಯಲ್ಲಿ ಹೆಸರಿತ್ತು. ಅಷ್ಟರಲ್ಲಿ ನಮ್ಮವರಿಗೆ ಒಳ್ಳೇ ಸಂಬಳದ ಕೆಲಸ ಬಂತು. ಸೇರಿ ಅಂದವಳು ನಾನೇ. ಹೊಸ ಇನ್ಶೂರೆನ್ಸ್ ಮೊದಲ ದಿನದಿಂದಲೇ ಶುರುವಾಯಿತು, ಕಾರ್ಡೂ ಬಂತು. ಆದರೆ ಅವರ ಟ್ರಾನ್ಸ್‌ಪ್ಲಾಂಟ್ ನೆಟ್‌ವರ್ಕ್‌ನಲ್ಲಿ, ಅಂದರೆ ಕಸಿಗೆ ಅವರು ಒಪ್ಪುವ ಆಸ್ಪತ್ರೆಗಳ ಪಟ್ಟಿಯಲ್ಲಿ, ನಮ್ಮ ಆಸ್ಪತ್ರೆ ಇರಲಿಲ್ಲ. ಮಾಮೂಲಿ ಚಿಕಿತ್ಸೆಗೆ ಇತ್ತು, ಕಸಿಗೆ ಇರಲಿಲ್ಲ. ಎರಡೂ ಬೇರೆ ಬೇರೆ ಪಟ್ಟಿ ಅಂತ ನಮಗೆ ಗೊತ್ತೇ ಇರಲಿಲ್ಲ. ಮಗಳ ಹೆಸರಿನ ಮುಂದೆ "ಇನ್‌ಆಕ್ಟಿವ್" ಅಂತ ಬಿತ್ತು. ಹಾಗಿರುವಾಗ ಯಾವ ಕಿಡ್ನಿಯೂ ನಿಮ್ಮ ಕಡೆ ಬರುವುದಿಲ್ಲ. ಬೇರೆ ಆಸ್ಪತ್ರೆ, ಎಲ್ಲ ಪರೀಕ್ಷೆ ಮತ್ತೆ ಮೊದಲಿಂದ. ಐದು ತಿಂಗಳು. ಆ ರಾತ್ರಿಗಳ ಲೆಕ್ಕ ನನಗೆ ಈಗಲೂ ಮನಸ್ಸಿನಿಂದ ಹೋಗಿಲ್ಲ, ಅವಳು ಈಗ ಗಟ್ಟಿಮುಟ್ಟಾಗಿ ಕಾಲೇಜಿಗೆ ಹೋಗುತ್ತಿದ್ದರೂ.

ನಿಮ್ಮತ್ತೆ ಊರಿಂದ ಬಂದು ಕಿಡ್ನಿ ಕೊಡೋದಾದರೆ, ಅವರ ಪರೀಕ್ಷೆ, ಆಪರೇಷನ್ ಖರ್ಚು ಸಾಮಾನ್ಯವಾಗಿ ನಿನ್ನ ಮಗನ ಇನ್ಶೂರೆನ್ಸ್‌ಗೇ ಸೇರುತ್ತದೆ. ವಿಮಾನದ ಖರ್ಚು ನಿಮ್ಮದೇ ಅಂದುಕೊಂಡಿರು. ವೀಸಾ ವಿಚಾರ ವಕೀಲರನ್ನೇ ಕೇಳು.

ಕಸಿಗೆ ಮುಂಚೆ ಇನ್ಶೂರೆನ್ಸ್‌ನವರ ಒಪ್ಪಿಗೆ ಕಾಗದದಲ್ಲಿ ಬೇಕು. ಆಸ್ಪತ್ರೆಯಲ್ಲಿ ಟ್ರಾನ್ಸ್‌ಪ್ಲಾಂಟ್‌ನ ಹಣಕಾಸು ನೋಡಿಕೊಳ್ಳೋಕೇ ಒಬ್ಬರಿರುತ್ತಾರೆ, ಅವರನ್ನು ಹಿಡಿ. ಕಸಿಯಾದ ಮೇಲಿನ ಮಾತ್ರೆಗಳ ಬಗ್ಗೆಯೂ ಈಗಲೇ ಕೇಳು, ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ಅವು ಬೇಕು.

ಕಾರ್ಡು ಕೈಲಿಟ್ಟುಕೊಂಡು ಶನಿವಾರ ನನಗೆ ಫೋನ್ ಮಾಡು. ಇನ್ಶೂರೆನ್ಸ್‌ನವರ ಹತ್ತಿರ ಏನೇನು ಕೇಳಬೇಕು ಅಂತ ಇಬ್ಬರೂ ಕೂತು ಬರೆದುಕೊಳ್ಳೋಣ. ನೀನು ಅವರ ಜೊತೆ ಮಾತಾಡುವಾಗ ಬೇಕಿದ್ದರೆ ನಾನೂ ಲೈನಿನಲ್ಲಿರುತ್ತೇನೆ.