ಚರಂಡಿಯಲ್ಲಿ ಬದುಕುವ ಹುಳು ಟಬ್ಬಿನಲ್ಲಿ ಸಾಯುವುದೇಕೆ?

ಪ್ರಶ್ನೆ: ಮೀನಿಗೆ ಹಾಕಲು ಚರಂಡಿ ಕೆಸರಿನಿಂದ ಕೆಂಪು ಹುಳು (ಟ್ಯುಬಿಫೆಕ್ಸ್) ತಂದೆ. ಟಬ್ಬನ್ನು ಬಟ್ಟೆ ಪುಡಿ ಹಾಕಿ ತಿಕ್ಕಿ, ಒಮ್ಮೆ ಜಾಲಿಸಿ, ನಲ್ಲಿ ನೀರು ತುಂಬಿ ಬಿಟ್ಟೆ. ಬೆಳಿಗ್ಗೆ ಹುಳುಗಳು ಸುತ್ತಿಕೊಂಡಿದ್ದ ಉಂಡೆ ಬಿಚ್ಚಿಕೊಂಡು, ಲೋಳೆ ಕಟ್ಟಿ, ಬಾಲ ಬಿಳಿಚಿ ಸತ್ತಿದ್ದವು. ಕೊಳಚೆಯನ್ನೇ ತಾಳುವ ಹುಳುವಿಗೆ ಏನಾಯಿತು?
– ಓದುಗರು, ದಾವಣಗೆರೆ

ಉತ್ತರ: ಲೋಳೆ ಕಟ್ಟಿತ್ತು ಎಂದಿರುವುದರಿಂದ ಅನುಮಾನ ಮೊದಲು ಪುಡಿಯ ಮೇಲೆ, ಆಮೇಲೆ ನಲ್ಲಿ ನೀರಿನ ಕ್ಲೋರಿನ್ ಮೇಲೆ.

ಈ ಹುಳುವಿಗೆ ಶ್ವಾಸಕೋಶವೂ ಇಲ್ಲ, ಕಿವಿರೂ ಇಲ್ಲ. ತಲೆಯನ್ನು ಕೆಸರಿನಲ್ಲಿ ಹೂತು, ಬಾಲವನ್ನು ಮೇಲೆತ್ತಿ ಆಡಿಸುತ್ತ ಚರ್ಮದಿಂದಲೇ ಉಸಿರಾಡುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರಾ ಕಡಿಮೆಯಾದರೂ ನಿಭಾಯಿಸುತ್ತದೆ. ಚರಂಡಿಯಲ್ಲಿ ಅದು ಉಳಿಯುವುದು ಈ ಶಕ್ತಿಯಿಂದ. ಆದರೆ ಡಿಟರ್ಜೆಂಟ್ ಹೊಡೆಯುವುದು ಆ ಚರ್ಮಕ್ಕೇ. ಬಟ್ಟೆಯ ಜಿಡ್ಡನ್ನು ಎಬ್ಬಿಸುವ ರಾಸಾಯನಿಕವೇ ಚರ್ಮದ ಜೀವಕೋಶಗಳ ಕೊಬ್ಬಿನ ಪೊರೆಯನ್ನೂ ಸಡಿಲಿಸುತ್ತದೆ. ಹುಳು ತನ್ನನ್ನು ಕಾಪಾಡಿಕೊಳ್ಳಲು ಲೋಳೆ ಸುರಿಸುತ್ತದೆ. ಆ ಲೋಳೆಯೇ ದಪ್ಪವಾಗಿ ಆಮ್ಲಜನಕಕ್ಕೆ ಅಡ್ಡ ಬರುತ್ತದೆ. ಉಂಡೆ ಬಿಚ್ಚುವುದು, ಬಾಲ ಸುಕ್ಕಿ ತುಂಡಾಗುವುದು ವಿಷ ತಗುಲಿದ ಗುರುತು.

ಚರಂಡಿಗೂ ಬಟ್ಟೆ ನೀರು ಬರುತ್ತದಲ್ಲ ಎನ್ನಬಹುದು. ಅಲ್ಲಿ ಕೆಸರಿದೆ. ಜೇಡಿಮಣ್ಣು, ಕೊಳೆತ ಕಸ ಆ ರಾಸಾಯನಿಕದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಬರಿಯ ಟಬ್ಬಿನಲ್ಲಿ ಅದಕ್ಕೆ ಹಿಡಿದುಕೊಳ್ಳಲು ಸಿಗುವುದು ಹುಳು ಒಂದೇ. ಗೋಡೆಗೆ ಅಂಟಿ 1 ಗ್ರಾಂ ಪುಡಿ ಉಳಿಯಿತು, ಅದರಲ್ಲಿ ನೊರೆಯ ರಾಸಾಯನಿಕ ನೂರಕ್ಕೆ 10 ಎಂದು ಹಿಡಿಯಿರಿ: 5 ಲೀಟರ್ ನೀರಿನಲ್ಲಿ ಲೀಟರಿಗೆ 20 ಮಿ.ಗ್ರಾಂ ಆಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವುದು ಲೀಟರಿಗೆ 0.2 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.

ಇನ್ನು ಮುಂದೆ ಟಬ್ಬಿಗೆ ಪುಡಿ ಬೇಡವೇ ಬೇಡ. ಕಲ್ಲುಪ್ಪು ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಉಪ್ಪು ಉಳಿಯದಂತೆ ಜಾಲಿಸಿ. ನಲ್ಲಿ ನೀರನ್ನು ಬಾಯಿ ಅಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಹುಳುವನ್ನು ಆಳದ ಬಕೆಟ್ಟಿನಲ್ಲಿಡದೆ ಅಗಲದ ತಟ್ಟೆಯಲ್ಲಿ ತೆಳುವಾಗಿ ಹರಡಿ, ದಿನಕ್ಕೆ ಎರಡು ಮೂರು ಸಲ ನೀರು ಬದಲಿಸಿ. ಚರಂಡಿ ಹುಳು ಮೀನಿಗೆ ರೋಗ ತರಬಲ್ಲದು. ಎರಡು ಮೂರು ದಿನ ಹೀಗೆ ತೊಳೆಯದೆ ಹಾಕಬೇಡಿ.

ಪ್ರಶ್ನೆ: ನಮ್ಮೂರಲ್ಲಿ ಭದ್ರಾ ನಾಲೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಾರೆ. ಸ್ವಲ್ಪ ಕೆಳಗೆ ನೊರೆ ಕಾಣುವುದಿಲ್ಲ. ಅಂದರೆ ನೀರು ಸರಿಯಿದೆ ಎಂದೇ?
– ಓದುಗರು, ಚನ್ನಗಿರಿ ತಾಲ್ಲೂಕು

ಉತ್ತರ: ಹಾಗೆ ನಂಬಬೇಡಿ. ನೊರೆ ಏಳಿಸದಷ್ಟು ಕಡಿಮೆ ಪ್ರಮಾಣವೂ ದಿನಗಟ್ಟಲೆ ತಗುಲಿದರೆ ಹುಳುವಿಗೆ ಕೇಡು. 50 ಗ್ರಾಂ ಪುಡಿಯಲ್ಲಿ 5 ಗ್ರಾಂ ನೊರೆಯ ರಾಸಾಯನಿಕ ಇದ್ದರೆ, ಅದನ್ನು ಲೀಟರಿಗೆ 1 ಮಿ.ಗ್ರಾಂಗೆ ಇಳಿಸಲು 5,000 ಲೀಟರ್ ನೀರು ಬೇಕು. ನಾಲೆ ಹರಿಯುವಾಗ ಅಷ್ಟು ಸಿಗುತ್ತದೆ. ನೀರು ನಿಲ್ಲಿಸಿದ ಮೇಲೆ ಗುಂಡಿಗಳಲ್ಲಿ ಉಳಿದದ್ದರಲ್ಲೇ ಒಗೆದರೆ ಸಿಗುವುದಿಲ್ಲ. ಬೇಸಿಗೆಯ ಬಿಸಿ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ.

ನೀವೇ ನೋಡಬಹುದು. ನಾಲ್ಕು ಗಾಜಿನ ಜಾಡಿ, ಒಂದೊಂದರಲ್ಲಿ 1 ಲೀಟರ್. ಒಂದರಲ್ಲಿ ಒಳ್ಳೆಯ ನೀರು ಮಾತ್ರ; ಉಳಿದವುಗಳಲ್ಲಿ ಬಟ್ಟೆ ಒಗೆದ ನೀರು 1, 10, 100 ಮಿ.ಲೀ. ಬೆರೆಸಿ ಲೀಟರಿಗೆ ಭರ್ತಿ ಮಾಡಿ. ಕೆಸರು ಹಾಕಬೇಡಿ, ಹಾಕಿದರೆ ವಿಷ ಅದಕ್ಕೆ ಅಂಟಿ ಫಲಿತಾಂಶ ಸುಳ್ಳಾಗುತ್ತದೆ. ತಲಾ 10 ಹುಳು ಬಿಟ್ಟು ನೆರಳಲ್ಲಿಡಿ. 24, 48, 72, 96 ಗಂಟೆಗೆ ಮೆತ್ತನೆ ಕುಂಚದಿಂದ ಮುಟ್ಟಿ ನೋಡಿ, ಅಲುಗದಿದ್ದರೆ ಸತ್ತಿದೆ. ಸತ್ತದ್ದನ್ನು ಕೂಡಲೇ ತೆಗೆಯಿರಿ, ಕೊಳೆತರೆ ಬದುಕಿರುವುದೂ ಸಾಯುತ್ತದೆ. ಒಳ್ಳೆಯ ನೀರಿನ ಜಾಡಿಯಲ್ಲೇ ಒಂದಕ್ಕಿಂತ ಹೆಚ್ಚು ಸತ್ತರೆ ಮತ್ತೆ ಮೊದಲಿನಿಂದ ಮಾಡಿ.

ನಾಲೆಯಿಂದ ನೀರು ಮೊಗೆದು ತಂದು, ದಂಡೆಯಿಂದ ದೂರದಲ್ಲಿ ಒಗೆದು, ಆ ನೀರನ್ನು ಮಣ್ಣಿಗೆ ಇಂಗಲು ಬಿಡುವುದು ಎಷ್ಟೋ ಮೇಲು. ಗಾಳಿಯಾಡುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಈ ರಾಸಾಯನಿಕವನ್ನು ಒಡೆಯುತ್ತವೆ. ನೀರಿನ ತಳದ ಉಸಿರಿಲ್ಲದ ಕೆಸರಿನಲ್ಲಿ ಅದು ಬಹುಕಾಲ ಕೂತಿರುತ್ತದೆ.

ಪ್ರಶ್ನೆ: ಪುಡಿಯ ಬದಲು ಅಂಟುವಾಳ ಬಳಸಿದರೆ ಕೆರೆಗೆ ಬಿಡಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ. ಅಂಟುವಾಳದ ನೊರೆ ಸಪೋನಿನ್‌ನಿಂದ ಬರುವುದು, ಅದು ಮೀನಿನ ಕಿವಿರಿಗೆ ವಿಷ. ಅದರ ನೀರನ್ನೂ ಮಣ್ಣಿಗೇ ಸುರಿಯಿರಿ.