ಟಿವಿಯ ‘ಕೆಪಿಎಚ್’ ಮತ್ತು ಮಕ್ಕಳ ಉತ್ತರಪತ್ರಿಕೆ

ಓದುಗರ ಪತ್ರ: ಕ್ರಿಕೆಟ್ ಪ್ರಸಾರದಲ್ಲಿ ಬೌಲಿಂಗ್ ವೇಗವನ್ನು ‘ಕೆಪಿಎಚ್’ ಎಂದು ತೋರಿಸುತ್ತಾರೆ. ನಮ್ಮೂರ ಟೂರ್ನಿಯ ಮೊಬೈಲ್ ಲೈವ್‌ನಲ್ಲಿ ‘ಕೆಎಂಎಸ್’ ಅಂತಲೇ ಇತ್ತು. ಹುಡುಗರು ಪರೀಕ್ಷೆಯಲ್ಲೂ ಹಾಗೇ ಬರೀತಾರೆ. ಅಂಕ ಕಳೆದರೆ, ‘ಟಿವ್ಯಾಗ ಹಂಗೇ ಬರತೈತ್ರಿ ಸರ್’ ಅಂತಾರೆ. ಯಾರು ಸರಿ?
– ವಿಜ್ಞಾನ ಶಿಕ್ಷಕರು, ಸಿಂಧನೂರು

ಸಂಪಾದಕರ ಉತ್ತರ:

ನೀವೇ ಸರಿ ಸರ್. ಆದರೆ ಹುಡುಗರ ಮೇಲೆ ಸಿಟ್ಟು ಬೇಡ. ದಿನಾ ಕಣ್ಣಿಗೆ ಬೀಳುವುದನ್ನೇ ಅವರು ಬರೆದಿದ್ದಾರೆ.

‘ಕೆಪಿಎಚ್’ ಅಂದರೆ ‘ಕಿಲೋಮೀಟರ್ ಪರ್ ಅವರ್’. ನಡುವಿನ ‘ಪಿ’ ಇಂಗ್ಲಿಷಿನ ‘ಪರ್’. ಅದು ಇಂಗ್ಲಿಷ್ ಬಲ್ಲವರು ತಮಗಾಗಿ ಮಾಡಿಕೊಂಡದ್ದು. ಅಳತೆಗಳ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸಂಕೇತ ಯಾವ ಭಾಷೆಯ ಸೊತ್ತೂ ಅಲ್ಲ. ಜಪಾನಿನವರೂ ಬ್ರೆಜಿಲಿನವರೂ ಒಂದೇ ಥರ ಬರೆಯಬೇಕು. ಹಾಗಾಗಿ ಸಣ್ಣ ಕೆ, ಸಣ್ಣ ಎಂ, ಓರೆಗೆರೆ, ಸಣ್ಣ ಎಚ್ (km/h). ಅಂಕಿಗೂ ಸಂಕೇತಕ್ಕೂ ನಡುವೆ ಸ್ವಲ್ಪ ಜಾಗ. ಚುಕ್ಕೆ ಇಲ್ಲ. 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಎಸೆದ ಗಂಟೆಗೆ 161.3 ಕಿ.ಮೀ. ವೇಗದ ಚೆಂಡಿಗೂ ಇದೇ ನಿಯಮ. ಇನ್ನು ‘ಕೆಎಂಎಸ್’ನಲ್ಲಿ ಬಹುವಚನಕ್ಕೆಂದು ಸುಮ್ನೆ ಸೇರಿಸಿದ ಆ ಎಸ್ ಇದೆಯಲ್ಲ, ಅದು ಸೆಕೆಂಡಿನ ಸಂಕೇತ. ಎಷ್ಟೇ ಕಿಲೋಮೀಟರ್ ಆದರೂ ಸಂಕೇತಕ್ಕೆ ಬಹುವಚನವಿಲ್ಲ.

ನನ್ನ ಪ್ರಕಾರ ಜಾಸ್ತಿ ಗೊಂದಲ ಮಾಡುವುದು ದೊಡ್ಡಕ್ಷರಗಳು. ಪರದೆ ಮೇಲೆ ಅಂದವಾಗಿ ಕಾಣಲಿ ಅಂತ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹಾಕಿಬಿಡುತ್ತಾರೆ. ದೊಡ್ಡ ಕೆ ಅಂದರೆ ಕೆಲ್ವಿನ್, ಅದು ತಾಪಮಾನದ ಅಳತೆ. ಮ್ಯಾರಥಾನನ್ನು ‘42 ಕೆ’ ಎಂದು ದೊಡ್ಡ ಕೆ ಹಾಕಿ ತೋರಿಸಿದರೆ, ಕಟ್ಟುನಿಟ್ಟಾಗಿ ಓದುವವನಿಗೆ ಅದು ಸೊನ್ನೆಗಿಂತ 231 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. (ಮೇ ತಿಂಗಳಲ್ಲಿ ರಾಯಚೂರಿನವರು ಬೇಡ ಅನ್ನಲಿಕ್ಕಿಲ್ಲ!) ದೊಡ್ಡ ಎಂ ಅಂದರೆ ಮೆಗಾ, ಹತ್ತು ಲಕ್ಷ ಪಟ್ಟು. ಸಣ್ಣ ಎಂ ಒಂಟಿಯಾಗಿ ನಿಂತರೆ ಮೀಟರ್, ಬೇರೆ ಮಾನದ ಮುಂದೆ ಬಂದರೆ ಮಿಲಿ. ನಿಮ್ಮ ಜಿಲ್ಲೆಯ ಶಕ್ತಿನಗರದ ವಿದ್ಯುತ್ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಅಲ್ಲಿ ಎಂ ಸಣ್ಣದಾದರೆ ಸಿಗುವುದು 1.72 ವಾಟ್. ಒಂದು ಸಾಧಾರಣ ಎಲ್‌ಇಡಿ ಬಲ್ಬಿಗೂ ಸಾಲುವುದಿಲ್ಲ. ತರಗತಿಯಲ್ಲಿ ಇದನ್ನೇ ಹೇಳಿ ನೋಡಿ, ಮರೆಯಲ್ಲ.

ನೀರಜ್ ಚೋಪ್ರಾ ನಮ್ಮ ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಪಡೆದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಜಾವೆಲಿನ್ ಎಸೆದದ್ದು 87.58 ಮೀಟರ್. ಅಂಕಿಯ ನಂತರ ಒಂದು ಸಣ್ಣ ಎಂ ಸಾಕು. ‘ಎಂಟಿಆರ್’, ‘ಎಂಟಿಎಸ್’ ಯಾವುದೂ ಬೇಡ.

ವೀಕ್ಷಕ ವಿವರಣೆಕಾರರಿಗೆ ಮಾತ್ರ ಈ ತಾಪತ್ರಯವೇ ಇಲ್ಲ. ಸಂಕೇತ ಇರುವುದು ಬರೆಯಲಿಕ್ಕೆ. ಬಾಯಲ್ಲಿ ‘ಗಂಟೆಗೆ 140 ಕಿಲೋಮೀಟರ್’ ಅಂದರೆ ಮುಗೀತು.

ಹಾಗಾದರೆ ನಿಮ್ಮ ಪತ್ರಿಕೆಯಲ್ಲಿ ‘ಕಿ.ಮೀ.’ ಅಂತ ಚುಕ್ಕೆ ಯಾಕೆ ಎಂದು ನೀವು ಕೇಳಬಹುದು. ಅದು ಕನ್ನಡದ ಸಂಕ್ಷೇಪ, ಅಂತರರಾಷ್ಟ್ರೀಯ ಸಂಕೇತವಲ್ಲ. ಕನ್ನಡ ಬರಹದ ನಡುವೆ ಓದಲು ಸಲೀಸು, ಅದಕ್ಕೇ ಇಟ್ಟುಕೊಂಡಿದ್ದೇವೆ. ಕೋಷ್ಟಕ, ನಕ್ಷೆಗಳಲ್ಲಿ ಸಂಕೇತವನ್ನೇ ಬಳಸುತ್ತೇವೆ.

ಲೈವ್ ಮಾಡುವ ಹುಡುಗರು ನಿಮ್ಮೂರಿನವರೇ ಅಲ್ವಾ? ಮುಂದಿನ ಟೂರ್ನಿಗೆ ಮುಂಚೆ ಒಂದು ಮಾತು ಹೇಳಿ, ಆ ಅಕ್ಷರಗಳನ್ನು ಬದಲಿಸಲು ಹೆಚ್ಚು ಹೊತ್ತು ಬೇಕಿಲ್ಲ. ಅಂಕದ ವಿಷಯ ನಿಮಗೆ ಬಿಟ್ಟದ್ದು. ಲೆಕ್ಕ ಸರಿಯಿದ್ದರೆ ಅರ್ಧ ಅಂಕಕ್ಕಿಂತ ಜಾಸ್ತಿ ಕಳೆಯಬೇಡಿ.