ಮಾಲೆ ತೆಗೆದ ಮೇಲೆ

ಸಂಕ್ರಾಂತಿ ಕಳೆದರೆ ಸಾಕು, ಕುಡಿತ ಬಿಡಿಸಲು ಸಲಹೆ ಕೇಳಿ ನನ್ನ ಬಳಿ ಬರುವ ಎಷ್ಟೋ ಮನೆಗಳದ್ದು ಒಂದೇ ಕಥೆ. ಗಂಡ ಅಯ್ಯಪ್ಪ ಮಾಲೆ ಹಾಕಿದ್ದರು. 41 ದಿನ ಒಂದು ಹನಿ ಮುಟ್ಟಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದರು, ಅದೇ ವಾರ ಮತ್ತೆ ಶುರು. ಗುರುತು ಸಿಗದಂತೆ ವಿವರ ಬದಲಿಸಿ ಅಂಥದ್ದೊಂದು ಪ್ರಕರಣವನ್ನು ಇಲ್ಲಿ ಬರೆದಿದ್ದೇನೆ.

ಆತ ಆಟೋ ಓಡಿಸುತ್ತಾರೆ. ಕರೆದುಕೊಂಡು ಬಂದದ್ದು ಹೆಂಡತಿ. "ಅಷ್ಟು ದಿನ ಬಿಟ್ಟಿರೋರಿಗೆ ಈಗೇನು ಕಷ್ಟ? ಬೇಕಂತಲೇ ಕುಡೀತಾರೆ ಮೇಡಂ" ಎಂಬುದು ಅವರ ಸಿಟ್ಟು. ಮೊದಲ ಭೇಟಿಗಳು ಈ ಜಗಳದಲ್ಲೇ ಹೋದವು.

ಆಮೇಲೊಂದು ದಿನ ಆತ ಒಬ್ಬರೇ ಬಂದರು. ವ್ರತದ ದಿನ ಹೇಗಿರುತ್ತೆ ಹೇಳಿ ಅಂದೆ. ಬೆಳಗಿನ ಜಾವ ತಣ್ಣೀರು ಸ್ನಾನ, ಶರಣು ಕೂಗುವುದು, ಬರಿಗಾಲಲ್ಲೇ ದುಡಿಮೆ, ಸಂಜೆ ಸನ್ನಿಧಿಯಲ್ಲಿ ಭಜನೆ, ರಾತ್ರಿ ನೆಲದ ಮೇಲೆ ಚಾಪೆ. ಹೇಳುತ್ತಾ ಹೇಳುತ್ತಾ ಅವರ ದನಿಯೇ ಬದಲಾಯಿತು. ಮಾಲೆ ತೆಗೆದ ಮೇಲೆ? ಸುಮಾರು ಹೊತ್ತು ಸುಮ್ಮನಿದ್ದರು.

"ಮಾಲೆ ಇದ್ದಾಗ ಮಗ ಕಾಲಿಗೆ ಬೀಳ್ತಾನೆ ಮೇಡಂ. ತೆಗೆದ ಮೇಲೆ ಎದುರಿಗೇ ನಿಲ್ಲಲ್ಲ. ಸಂಜೆ ಏಳಾದರೆ ಎಲ್ಲಿಗೆ ಹೋಗಬೇಕು ಅಂತಾನೇ ಗೊತ್ತಾಗಲ್ಲ."

ನನ್ನ ಸಲಹೆಗೆ ಈ ಮಾತೇ ಆಧಾರವಾಯಿತು. ಮಾಲೆ ಹಾಕಿಸಿದ ಗುರುಸ್ವಾಮಿಗೆ ವಿಷಯ ಹೇಳಿ, ವ್ರತ ಮುಗಿದರೂ ಅದೇ ಹೊತ್ತಿಗೆ ಅದೇ ಜನರ ಜೊತೆ ಕೂರಿ ಎಂದೆ. ಕುಡಿಯಬೇಕು ಅನಿಸಿದಾಗ ಫೋನ್ ಮಾಡಲು ಅವರಲ್ಲೇ ಯಾರನ್ನಾದರೂ ಗೊತ್ತು ಮಾಡಿಕೊಳ್ಳಿ ಎಂದೆ. ಕುಡಿಯದೆ ಬಂದ ಸಂಜೆ ಹಳೇ ಲೆಕ್ಕ ತೆಗೆಯಬೇಡಿ ಅಂತ ಹೆಂಡತಿಗೆ ಹೇಳಿದೆ. ಬೈಗುಳ, ಹೊಡೆತ ಸಹಿಸಿಕೊಳ್ಳಿ ಎಂದು ಮಾತ್ರ ಯಾವತ್ತೂ ಹೇಳುವುದಿಲ್ಲ. ನಡುವೆ ಒಮ್ಮೆ ಆತ ಕುಡಿದರು. ಮರುದಿನ ತಾವೇ ಗುರುಸ್ವಾಮಿಗೆ ತಿಳಿಸಿ, ಭಜನೆಗೂ ಹೋದರು.

ಮೂಢನಂಬಿಕೆಗೆ ನೀರೆರೀತೀರಿ ಎಂದು ನನಗೆ ಹೇಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ನೆಚ್ಚಿಕೊಂಡಿರುವುದು ತನಗಿಂತ ದೊಡ್ಡ ಶಕ್ತಿಯ ಮೇಲಿನ ನಂಬಿಕೆಯನ್ನು, ಜೊತೆಗೆ ಕೂತು ಮಾತಾಡುವ ಜನರನ್ನು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೂ ಊರಲ್ಲಿ ಕುಡಿತ ಬಿಟ್ಟವರದೇ ನವಜೀವನ ಸಮಿತಿ ಇರುತ್ತದೆ. ದೇವರ ಹೆಸರಲ್ಲಿ ಕುಡಿತ ಬಿಟ್ಟವರನ್ನು ಆಮೇಲೆ ಒಂಟಿಯಾಗಿ ಬಿಡಬಾರದು, ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ದಿನಾ ಜಾಸ್ತಿ ಕುಡಿಯುವವರು ಮಾಲೆ ಹಾಕಿದ ದಿನವೇ ತಟ್ಟನೆ ನಿಲ್ಲಿಸಿದರೆ ಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದೆಲ್ಲ ಕಾಣಿಸಬಹುದು, ಪ್ರಾಣಕ್ಕೂ ಅಪಾಯ. ಇದನ್ನು ದೇವರ ಕೋಪ ಎಂದು ಮನೆಯಲ್ಲೇ ಕೂರಬೇಡಿ. ಮಾಲೆ ಹಾಕುವ ಮುಂಚೆಯೇ ವೈದ್ಯರನ್ನು ನೋಡಿ, ಎಷ್ಟು ಕುಡಿಯುತ್ತೀರೆಂದು ಮುಚ್ಚಿಡದೆ ಹೇಳಿ. ಕೊಟ್ಟ ಮಾತ್ರೆ ತೆಗೆದುಕೊಂಡರೆ ವ್ರತ ಕೆಡುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.